ಆಯ್ತು ಅಂದಮೇಲೆ ಒಂದು ಫೋಟೋ

ನಮ್ಮ ಮನೆಯವರು ಕಾಲೇಜಿನ ದಿನಗಳಿಂದ ಕೊನೆಯವರೆಗೂ ಫೋಟೋ ತೆಗೆದರು. ಆ ಸಾವಿರಾರು ಫೋಟೋಗಳಲ್ಲಿ ಒಂದರಲ್ಲಾದರೂ ಯಾರಾದರೂ ಕ್ಯಾಮೆರಾ ಕಡೆ ನೋಡುತ್ತಿರುವುದನ್ನು ತೋರಿಸಿಬಿಡಿ, ಒಂದು ತಿಂಗಳು ನಿಮಗೆ ಫಿಲ್ಟರ್ ಕಾಫಿ ನಮ್ಮ ಮನೆಯಲ್ಲೇ! ಮದುಮಗ ಪೇಟ ತೆಗೆದು ತಲೆ ಕೆರೆದುಕೊಳ್ಳುತ್ತಿರುತ್ತಾನೆ. ಮದುಮಗಳು ಹಿಂದೆ ತಿರುಗಿ ಯಾರನ್ನೋ ನೀರು ಕೇಳುತ್ತಿರುತ್ತಾಳೆ. ಬೀಗರು ಬಗ್ಗಿ ಚಪ್ಪಲಿ ಹುಡುಕುತ್ತಿರುತ್ತಾರೆ. ಇಂಥ ಆಲ್ಬಮ್ ಕೊಟ್ಟ ಮೇಲೂ ಜನ ಇವರನ್ನು ಮದುವೆಗೆ ಹೇಗೆ ಕರೆಯುತ್ತಿದ್ದರು ಎಂಬುದು ನನಗೆ ಇವತ್ತಿಗೂ ಅರ್ಥವಾಗಿಲ್ಲ.

ಇವರ ಹೆಸರು ಬರೆಯುವುದಿಲ್ಲ. ಇಷ್ಟು ವರ್ಷದ ಸಂಸಾರದಲ್ಲಿ ನಾನು ಅವರ ಹೆಸರು ಬಾಯಿಬಿಟ್ಟು ಹೇಳಿದ್ದು ಸ್ವೀಡನ್ನಿನ ಕಚೇರಿಗಳಲ್ಲಿ ಮಾತ್ರ. ಅಲ್ಲಿನ ಕಂಪ್ಯೂಟರಿಗೆ ‘ನಮ್ಮ ಮನೆಯವರು’ ಅಂದರೆ ತಿಳಿಯುವುದಿಲ್ಲ.

ಕ್ಯಾಮೆರಾ ನೋಡದ ಫೋಟೋಗಳಿಗೆ ಕಾರಣ ಅವರ ಒಂದು ಪದ್ಧತಿ. ಎಲ್ಲರನ್ನೂ ಸಾಲಾಗಿ ನಿಲ್ಲಿಸುವರು. ಸೆರಗು ಸರಿ ಮಾಡಿಕೊಳ್ಳಲು ಪುರುಸೊತ್ತು ಕೊಡುವರು. ಒಂದು ಕಣ್ಣು ಮುಚ್ಚಿ, ಕ್ಯಾಮೆರಾ ಎತ್ತಿ, ಗಂಭೀರವಾಗಿ ‘ಆಯ್ತು’ ಎನ್ನುವರು. ಎಲ್ಲರೂ ಉಸಿರು ಬಿಟ್ಟು, ಹೊಟ್ಟೆ ಬಿಟ್ಟು, ಮಾತಿಗೆ ಶುರುಮಾಡಿದ ಕೂಡಲೇ ಗುಂಡಿ ಒತ್ತುವರು! ‘ಆಯ್ತು’ ಎಂಬುದು ಆಯಿತು ಎಂದಲ್ಲ, ಇನ್ನು ಆಗುತ್ತದೆ ಎಂದು ನಮಗೆ ಗೊತ್ತಾಗುವಷ್ಟರಲ್ಲಿ ರೀಲು ಮುಗಿದಿರುತ್ತಿತ್ತು. ಮದುವೆಯಾದ ಹೊಸದರಲ್ಲಿ ನಾನು ಕೇಳಿದ್ದೆ, ಇದೆಂಥ ಮೋಸ ಎಂದು.

“ಆಯ್ತು ಅನ್ನೋ ತನಕ ಯಾರೂ ಅವರಾಗಿರಲ್ಲ ಕಣೇ” ಎಂದರು. “ಅಂದಮೇಲೆ ಮುಖ ವಾಪಸ್ ಬರುತ್ತೆ.”

ನನ್ನ ಮುಖ ಎಲ್ಲಿಗೆ ಹೋಗಿತ್ತು, ಎಲ್ಲಿಂದ ಬಂತು, ಒಂದೂ ತಿಳಿಯಲಿಲ್ಲ.

ಈಗ ಇದನ್ನೆಲ್ಲ ಬರೆಯುವುದಕ್ಕೆ ಕಾರಣವಿದೆ. ಅವರು ಹೋಗಿ ಒಂದು ವರ್ಷವಾಯಿತು. ವರ್ಷದ ತಿಥಿಗೆ ಅವರದೊಂದು ಫೋಟೋ ಬೇಕಾಗಿತ್ತು. ಶಾಸ್ತ್ರಕ್ಕೆ ಫೋಟೋ ಬೇಡವಂತೆ, ಆದರೆ ಬಂದವರಿಗೆ ಬೇಕು. ಕೈ ಮುಗಿಯಲು ಎದುರಿಗೆ ಏನಾದರೂ ಇರಬೇಕಲ್ಲ? ಹದಿಮೂರನೆಯ ದಿನದ ಗಡಿಬಿಡಿಯಲ್ಲಿ ಗುರುತಿನ ಚೀಟಿಯ ಫೋಟೋವನ್ನೇ ದೊಡ್ಡದು ಮಾಡಿಸಿ ಹಾರ ಹಾಕಿದ್ದೆವು. ಅದರಲ್ಲಿ ಇವರು ಈಗಷ್ಟೇ ಎಲ್ಲೋ ಸಿಕ್ಕಿಬಿದ್ದವರಂತೆ ಕಾಣುತ್ತಿದ್ದರು. ಮಗಳು ಮೇಘಾ ಅದನ್ನು ನೋಡಿ, “ಇದು ಅಪ್ಪ ಅಲ್ಲಮ್ಮ. ಅಪ್ಪನ ಬಾಡಿಗಾರ್ಡ್ ಥರ ಇದೆ” ಎಂದಿದ್ದಳು. ವರ್ಷದ ತಿಥಿಗೆ ಸರಿಯಾದದ್ದೊಂದು ಹುಡುಕಿ ಕಟ್ಟು ಹಾಕಿಸುತ್ತೇನೆ ಎಂದು ಅವಳಿಗೆ ಮಾತು ಕೊಟ್ಟುಬಿಟ್ಟೆ. ಫೋಟೋಗ್ರಾಫರನ ಮನೆಯಲ್ಲಿ ಫೋಟೋಗೇನು ಬರ ಎಂದುಕೊಂಡೆ!

ಫೋನಿನಲ್ಲಿ ಇರಬೇಕಲ್ಲ ಎಂದು ನೀವು ಕೇಳುತ್ತೀರಿ. ಬೇಕಾದಷ್ಟಿವೆ. ಆದರೆ ಯಾರು ಫೋನು ಎತ್ತಿದರೂ ಇವರು ಎದುರಿನಿಂದ ಕ್ಯಾಮೆರಾ ಎತ್ತುತ್ತಿದ್ದರು. ಹಾಗಾಗಿ ಇಲ್ಲಿ ಸ್ವೀಡನ್ನಿನಲ್ಲಿರುವ ಕನ್ನಡದವರು ಸೇರಿ ಮಾಡಿದ ಯುಗಾದಿ, ದೀಪಾವಳಿ, ರಾಜ್ಯೋತ್ಸವ ಎಲ್ಲದರಲ್ಲೂ ಇವರಿಗೆ ಮುಖ ಇರಬೇಕಾದ ಕಡೆ ಒಂದು ಲೆನ್ಸು ಇದೆ. ನಮ್ಮ ಮದುವೆಯ ಆಲ್ಬಮ್ಮಿನಲ್ಲಿ ಮುಖವೇನೋ ಇದೆ, ಆದರೆ ಆ ಕಡ್ಡಿಯಂಥ ಹುಡುಗನನ್ನು ನೋಡಿ ಮಗಳು, “ಯಾರಿದು?” ಎಂದಳು.

ಸರಿ, ಪೆಟ್ಟಿಗೆಗಳನ್ನು ಕೆಳಗಿಳಿಸಿ ಕುಳಿತೆ.

ಮೊದಲು ತೆರೆದದ್ದು ನಾವು ಸ್ವೀಡನ್ನಿನ ಕಾರ್ಲ್‌ಸ್ಕ್ರೂನಾಕ್ಕೆ ಬಂದ ಹೊಸದರ ಪೆಟ್ಟಿಗೆ. ಬೆಂಗಳೂರಿನ ಟೆಲಿಫೋನ್ ಕೆಲಸ ಇವರನ್ನು ನಡುವಯಸ್ಸಿನಲ್ಲಿ ಈ ಕಡಲತಡಿಯ ಊರಿಗೆ ತಂದಿತ್ತು. ನಾನು ಸೂಟ್‌ಕೇಸಿನಲ್ಲಿ ಸಾರಿನಪುಡಿ ತಂದರೆ ಇವರು ಲೆನ್ಸು ತಂದರು. ಬೆಂಗಳೂರಿನ ಮಳೆಗಾಲದಲ್ಲಿ ಲೆನ್ಸಿಗೆ ಬೂಷ್ಟು ಹಿಡಿಯಬಾರದೆಂದು ಅಕ್ಕಿ ಡಬ್ಬದಲ್ಲಿ ಹೂತಿಡುವುದು ಅವರ ಅಭ್ಯಾಸ. ಇಲ್ಲಿ ಮನೆಯೊಳಗಿನ ಗಾಳಿ ತುಟಿ ಒಡೆಯುವಷ್ಟು ಒಣ. ರೀ, ಇಲ್ಲಿ ಬೂಷ್ಟು ಎಲ್ಲಿಂದ ಬರಬೇಕು ಎಂದರೆ ಕೇಳಬೇಕಲ್ಲ! ಮಧ್ಯಾಹ್ನ ಮೂರಕ್ಕೇ ಕತ್ತಲಾಗುವ ಡಿಸೆಂಬರಿನಲ್ಲಿ ಒಂದು ದಿನ ದೀಪ ಹಾಕದೆ ಅಕ್ಕಿ ತೊಳೆದು ಕುಕ್ಕರಿಗಿಟ್ಟೆ. ಅವತ್ತು ಇವರ ಆಫೀಸಿನ ಹೊಸ ಹುಡುಗ ಊಟಕ್ಕೆ ಬಂದಿದ್ದ. ಬಡಿಸುವಾಗ ಅವನ ತಟ್ಟೆಗೆ ಅನ್ನದ ಜೊತೆ ಕಪ್ಪಗೆ, ದುಂಡಗೆ, ಹಬೆಯಾಡುತ್ತ ಏನೋ ಬಿತ್ತು. ಹುಡುಗ ಸಂಕೋಚದವನು. ಅದನ್ನು ಪಕ್ಕಕ್ಕೆ ಸರಿಸಿ, ಕರಿಬೇವಿಗೆ ಕೊಡುವ ಮರ್ಯಾದೆ ಕೊಟ್ಟು, ಸಾರು ಕಲೆಸಿಕೊಳ್ಳತೊಡಗಿದ. ಇವರು ಕೈ ಚಾಚಿ ಅದನ್ನೆತ್ತಿ ಒರೆಸಿ ನೋಡಿದರು. ಲೆನ್ಸಿನ ಮುಚ್ಚಳ. “ಸದ್ಯ, ಏನೂ ಆಗಿಲ್ಲ” ಎಂದರು. ಮುಚ್ಚಳಕ್ಕೆ! ಹುಡುಗನಿಗಲ್ಲ. ಆಮೇಲೆ ಅವನ ಫೋಟೋ ತೆಗೆದರು. ಆ ಪೆಟ್ಟಿಗೆಯಲ್ಲಿ ಅದು ಸಿಕ್ಕಿತು. ಹುಡುಗ ತಟ್ಟೆಯೊಳಗೆ ಬೆರಳಾಡಿಸಿ ಇನ್ನೇನಾದರೂ ಇದೆಯೇ ಎಂದು ಹುಡುಕುತ್ತಿದ್ದಾನೆ.

ಎರಡನೆಯ ಪೆಟ್ಟಿಗೆ ಪೂರ್ತಿ ಮರದ ಕೊಂಬೆಗಳು. ಬರೀ ಕೊಂಬೆಗಳು! ಬೇರೆಯವರಾಗಿದ್ದರೆ ತಲೆ ಕೆಡಿಸಿಕೊಳ್ಳುತ್ತಿದ್ದರು, ನನಗೆ ಕಥೆ ಗೊತ್ತಿತ್ತು. ಅದು ಇವರಿಗೆ ಹಕ್ಕಿಗಳ ಹುಚ್ಚು ಹಿಡಿದಿದ್ದ ಕಾಲ. ತೋಳುದ್ದದ ಜೂಮ್ ಲೆನ್ಸು ಕೊಂಡಿದ್ದರು. ಹಕ್ಕಿಗಳಿಗೂ ಅದೇ ಪದ್ಧತಿ. ಹಕ್ಕಿ ಕೂರುವುದನ್ನು ನೋಡುವರು, ಕುತ್ತಿಗೆ ತಿರುಗಿಸುವುದನ್ನು ನೋಡುವರು, ಅದಕ್ಕೇ ಸಾಕಾಗಿ ಹಾರಿಹೋದ ಮೇಲೆ ಗುಂಡಿ ಒತ್ತುವರು. ಒಂದು ಭಾನುವಾರ ಆ ಕೊಳವೆ ಹಿಡಿದು ಸಮುದ್ರದ ದಡದ ಮರವೊಂದರ ಕಡೆ ತಿರುಗಿಸಿ ಕುಳಿತಿದ್ದಾರೆ. ಮರದ ಹಿಂದೆಯೇ ನೌಕಾಪಡೆಯ ಬೇಲಿ, ಬೇಲಿಯ ಮೇಲೆ ಫೋಟೋ ತೆಗೆಯಬಾರದು ಎಂಬ ಹಳದಿ ಫಲಕ. ನಾನು ತೋರಿಸಿದೆ. ಅದು ಬೇಲಿಯ ಆ ಕಡೆಯವರಿಗೆ ಎಂದರು. ಸ್ವಲ್ಪ ಹೊತ್ತಿಗೆ ಸಮವಸ್ತ್ರದ ಹುಡುಗನೊಬ್ಬ ಬಂದು, ಬಹಳ ಮರ್ಯಾದೆಯಿಂದ, ತೆಗೆದದ್ದನ್ನು ತೋರಿಸಿ ಎಂದ. ಹಕ್ಕಿ ಫೋಟೋ ಎಂದು ಇವರು ಹೆಮ್ಮೆಯಿಂದ ಕ್ಯಾಮೆರಾ ಕೊಟ್ಟರು. ಅವನು ಒಂದೊಂದಾಗಿ ನೋಡಿದ. ಮತ್ತೆ ಮೊದಲಿನಿಂದ ನೋಡಿದ. ಅವನ ಮುಖದಲ್ಲಿದ್ದ ಅನುಮಾನ ಹೋಗಿ ಗೊಂದಲ ಬಂತು. ಕೊನೆಗೆ ಕೇಳಿದ ಪ್ರಶ್ನೆ ಒಂದೇ: ಹಕ್ಕಿ ಎಲ್ಲಿ?

ಈಗ ತಾನೆ ಹೋಯಿತು ಎಂದರು ಇವರು. ಅವನು ಕ್ಯಾಮೆರಾ ವಾಪಸ್ ಕೊಟ್ಟು, ನನ್ನ ಕಡೆ ನೋಡಿ, ದಾರಿಯಲ್ಲಿ ಹುಷಾರು ಎಂದು ಹೇಳಿ ಹೋದ. ಮನೆಗೆ ಬರುತ್ತ ನಾನೂ ಅದನ್ನೇ ಕೇಳಿದೆ. “ಹಾರಿದ ಮೇಲೂ ಕೊಂಬೆ ಸ್ವಲ್ಪ ಹೊತ್ತು ಅಲ್ಲಾಡುತ್ತೆ, ನೋಡಿದೀಯಾ?” ಎಂದರು. ಫೋಟೋದಲ್ಲಿ ಅಲ್ಲಾಡುವುದು ಹೇಗೆ ಕಾಣುತ್ತದೆ? ನನಗಂತೂ ಕಾಣಲಿಲ್ಲ. ಮೊನ್ನೆ ಮತ್ತೆ ಎಲ್ಲವನ್ನೂ ಹರಡಿಕೊಂಡು ನೋಡಿದೆ. ಈಗಲೂ ಗೊತ್ತಿಲ್ಲ.

ಹೀಗಿದ್ದವರು ಒಂದು ವಸಂತದಲ್ಲಿ ಎಲ್ಲ ಲೆನ್ಸುಗಳನ್ನೂ ಅಕ್ಕಿಯಿಂದ ಎತ್ತಿ, ಒರೆಸಿ, ಲೋಪಿಸ್ ಎಂದು ಇಲ್ಲಿನವರು ಕರೆಯುವ ಹಳೇ ಸಾಮಾನಿನ ಸಂತೆಗೆ ಹೊತ್ತುಕೊಂಡು ಹೋದರು. ಬರುವಾಗ ಕೈಯಲ್ಲಿ ಸೋಪಿನ ಡಬ್ಬಿಯಷ್ಟು ದೊಡ್ಡ ಒಂದು ಕ್ಯಾಮೆರಾ. ಜೂಮ್ ಇಲ್ಲ. ಲೆನ್ಸು ಬಿಚ್ಚಲು ಬರುವುದಿಲ್ಲ. ಒತ್ತಲು ಒಂದು ಗುಂಡಿ. ನಾನು ಹಣೆ ಮುಟ್ಟಿ ನೋಡಿದೆ, ಜ್ವರವಿರಲಿಲ್ಲ.

“ದೂರದ್ದು ಹೇಗ್ರೀ ತೆಗೀತೀರ ಇದರಲ್ಲಿ?”

“ನಾನೇ ಹತ್ತಿರ ಹೋಗ್ತೀನಿ.”

“ಹಕ್ಕಿ?”

“ಹಕ್ಕಿಗೂ ನನಗೂ ಆಯ್ತು ಬಿಡು.”

ಸರಿ, ಹತ್ತಿರ ಹೋಗಲು ಶುರುಮಾಡಿದರು. ಸ್ವೀಡನ್ನಿನಲ್ಲಿ ಹತ್ತಿರ ಹೋಗುವುದು ಎಂದರೆ ಏನೆಂದು ತಿಳಿಯಬೇಕಾದರೆ ಚಳಿಗಾಲದ ಬಸ್ ಸ್ಟಾಪು ನೋಡಬೇಕು. ಒಬ್ಬರಿಗೂ ಇನ್ನೊಬ್ಬರಿಗೂ ನಡುವೆ ಒಂದು ಎಮ್ಮೆ ಕಟ್ಟುವಷ್ಟು ಜಾಗ ಬಿಟ್ಟು ನಿಂತಿರುತ್ತಾರೆ. ಇವರು ಆ ಸೋಪಿನ ಡಬ್ಬಿ ಹಿಡಿದು ಮೊದಲನೆಯವರ ಕಡೆ ಒಂದು ಹೆಜ್ಜೆ ಇಟ್ಟರು. ಅವರು ಒಂದು ಹೆಜ್ಜೆ ಹಿಂದೆ ಸರಿದರು. ಅವರ ಹಿಂದಿನವರೂ ಸರಿದರು. ಇವರು ಇನ್ನೊಂದು ಹೆಜ್ಜೆ ಇಟ್ಟರು. ಹೀಗೇ ನಡೆದು, ಸಾಲಿನ ಕೊನೆಯಲ್ಲಿದ್ದ ಅಜ್ಜಿ ಸೂರಿನಿಂದಾಚೆ ಹಿಮದಲ್ಲಿ ನಿಂತಿದ್ದರು! ಬಸ್ಸು ಬಂದಾಗ ಸ್ಟಾಪಿನಲ್ಲಿದ್ದದ್ದು ನಾವಿಬ್ಬರೇ.

ಆಮೇಲೆ ಬುದ್ಧಿ ಕಲಿತರು. ಮೊದಲು ಕೇಳುವುದು, ಮಾತಾಡುವುದು, ಆಮೇಲೆ ಕ್ಯಾಮೆರಾ. ಮೇಲಿನ ಮನೆಯ ಬೆರ್ಟಿಲ್ ಎಂಬ ಮುದುಕರು ನಾವು ಬಂದಾಗಿನಿಂದ ಮೆಟ್ಟಿಲಲ್ಲಿ ಸಿಕ್ಕಿದರೆ ‘ಹೇ’ ಎಂಬ ಇಲ್ಲಿನ ನಮಸ್ಕಾರವನ್ನು ಗೋಡೆಗೆ ಹೇಳುತ್ತಿದ್ದವರು. ಇವರು ಒಂದು ದಿನ ಫೋಟೋಗೆಂದು ಬಾಗಿಲು ತಟ್ಟಿ ಒಳಗೆ ಹೋದವರು ಎಷ್ಟು ಹೊತ್ತಾದರೂ ಬರಲಿಲ್ಲ. ಹೋಗಿ ನೋಡಿದರೆ ಇಬ್ಬರೂ ಫೀಕಾಗೆ, ಎಂದರೆ ಇಲ್ಲಿನವರ ಕಾಫಿ ಹರಟೆಗೆ, ಕುಳಿತಿದ್ದಾರೆ. ಕಾಫಿ, ದಾಲ್ಚಿನ್ನಿ ಬನ್ನು, ಒಬ್ಬರ ಸ್ವೀಡಿಷು, ಇನ್ನೊಬ್ಬರ ಇಂಗ್ಲಿಷು. ಫೋಟೋ ತೆಗೆದಿರಾ ಎಂದು ಕೇಳಿದರೆ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು. ಮರೆತೇಬಿಟ್ಟಿದ್ದರು.

ಎಲ್ಲ ಬಿಟ್ಟು ಈ ಚಿಕ್ಕ ಕ್ಯಾಮೆರಾಕ್ಕೆ ಇವರು ಯಾಕೆ ಬಂದರು? ಹತ್ತಿರ ಹೋಗಬೇಕೆಂದೇ ಬಂದರು ಎಂದು ನಾನು ಎಲ್ಲರಿಗೂ ಹೇಳಿಕೊಂಡು ತಿರುಗಿದೆ. ಆಮೇಲೆ ಆಸ್ಪತ್ರೆ ಶುರುವಾಯಿತು. ಬಲಗೈಯಲ್ಲಿ ಶಕ್ತಿ ಕಡಿಮೆಯಾಗಿ ಎಷ್ಟು ದಿನವಾಯಿತು ಎಂದು ಡಾಕ್ಟರು ಕೇಳಿದಾಗ ಇವರು ನನ್ನ ಕಡೆ ನೋಡದೆ ಕಿಟಕಿ ನೋಡಿದರು. ಆ ದೊಡ್ಡ ಲೆನ್ಸು ಎತ್ತಲಾಗದೆ ಕೊಟ್ಟುಬಿಟ್ಟರೋ, ಬೇಡವೆನಿಸಿ ಕೊಟ್ಟರೋ? ಕೇಳಬೇಕೆಂದುಕೊಂಡೆ. ಕೇಳಲಿಲ್ಲ. ಈಗ ಯಾರನ್ನು ಕೇಳಲಿ?

ಒಂದು ಕಾರಣ ಮಾತ್ರ ಅವರೇ ಹೇಳಿದ್ದರು. ಆ ಕ್ಯಾಮೆರಾವನ್ನು ನನ್ನ ಕೈಗಿಟ್ಟು, “ಇದು ನಿನಗೂ ಬರುತ್ತೆ” ಎಂದಿದ್ದರು.

ಇಲ್ಲಿ ನನ್ನ ಪ್ರತಾಪವನ್ನೂ ಹೇಳಬೇಕು. ನಾನು ಫೋಟೋ ತೆಗೆದರೆ ತಲೆ ಬರುವುದಿಲ್ಲ. ಗುಂಡಿ ಒತ್ತುವಾಗ ಕೈ ತಾನಾಗಿ ಕೆಳಗಿಳಿಯುತ್ತದೆ. ಮದುವೆಯಾದ ವರ್ಷ ಚಿತ್ರದುರ್ಗದ ಕೋಟೆಯಲ್ಲಿ ಇವರದೊಂದು ತೆಗೆದೆ. ತೊಳೆಸಿ ನೋಡಿದರೆ ಕುತ್ತಿಗೆಯಿಂದ ಕೆಳಗೆ ಬಹಳ ಚೆನ್ನಾಗಿ ಬಂದಿತ್ತು. ಅತ್ತೆ ಅದನ್ನು ನೋಡಿ ದೃಷ್ಟಿ ತೆಗೆದರು. ಇವರು, “ಇದ್ದರೆ ತಾನೆ ಬರೋದು” ಎಂದು ನಕ್ಕು ಆಲ್ಬಮ್ಮಿಗೆ ಅಂಟಿಸಿದರು.

ಆಸ್ಪತ್ರೆಯಿಂದ ಬಂದ ಬೇಸಿಗೆಯಲ್ಲಿ ಸಮುದ್ರದ ಪಕ್ಕದ ಬೆಂಚಿನಲ್ಲಿ ಕುಳಿತಿದ್ದೆವು. ಇವರು ಕ್ಯಾಮೆರಾ ಕೊಟ್ಟು ತೆಗಿ ಎಂದರು. ನಾನು ಎದುರಿಗೆ ಹೋಗಿ ನಿಂತೆ. ಇವರು ಪಾಸ್‌ಪೋರ್ಟಿಗೆ ಕೂತಂತೆ ಕೂತರು! ಜನ್ಮವಿಡೀ ಊರಿನವರ ಮುಖದ ಬಿಗಿ ಬಿಡಿಸಿದ ಮನುಷ್ಯ, ತನ್ನ ಸರದಿ ಬಂದಾಗ ಮರದ ಗೊಂಬೆ. ನಾನು ಕ್ಯಾಮೆರಾ ಹಿಡಿದೆ, ಉಸಿರು ಬಿಗಿಹಿಡಿದೆ, “ಆಯ್ತು ರೀ” ಎಂದೆ.

ಇವರು ಭುಜ ಸಡಿಲ ಬಿಟ್ಟು, ಬೆಂಚಿಗೆ ಕೈಯೂರಿ ಏಳಲು ಹೊರಟರು. ಅಷ್ಟರಲ್ಲಿ ಒತ್ತಿದೆ.

ಒತ್ತುವಾಗಲೇ ಏಳುತ್ತಿದ್ದವರಿಗೆ ತಿಳಿದುಹೋಯಿತು. “ಕಳ್ಳಿ” ಎಂದರು.

ಈ ಫೋಟೋ ಕೊನೆಯ ಪೆಟ್ಟಿಗೆಯಲ್ಲಿ ಸಿಕ್ಕಿತು. ಕಣ್ಣಿನ ಸುತ್ತ ಸುಕ್ಕುಗಟ್ಟುವಂತೆ ನಗುತ್ತಿದ್ದಾರೆ. ಬಾಯಿ ಇನ್ನೇನು ‘ಕ’ ಎನ್ನಲಿದೆ. ಆ ಸಾವಿರಾರು ಫೋಟೋಗಳಲ್ಲಿ ನೇರ ಕ್ಯಾಮೆರಾ ಕಡೆ, ಎಂದರೆ ನನ್ನ ಕಡೆ, ನೋಡುತ್ತಿರುವ ಮನುಷ್ಯರು ಇವರೊಬ್ಬರೇ. (ಕಾಫಿ ನನಗೇ ಬಂತು!) ಒಂದೇ ತೊಂದರೆ. ಹುಬ್ಬಿನವರೆಗೆ ಇದ್ದಾರೆ. ಅದರ ಮೇಲೆ ಫೋಟೋ ಇಲ್ಲ.

ಮೇಘಾಳಿಗೆ ತೋರಿಸಿದೆ. ಬಹಳ ಹೊತ್ತು ನೋಡಿದಳು. “ಅಮ್ಮ, ತಲೆ ಕಟ್ ಆಗಿದೆ” ಎಂದಳು. ಹೌದು ಎಂದೆ. “ಅಪ್ಪನೇ ಇದು” ಎಂದಳು. ಅದನ್ನೇ ಕಟ್ಟು ಹಾಕಿಸಿದೆವು.

ತಿಥಿಯ ದಿನ ಮಾಲ್ಮೋದಿಂದ ಪುರೋಹಿತರು ಬಂದರು. ವಾರವೆಲ್ಲ ಸಾಫ್ಟ್‌ವೇರು, ಶನಿವಾರ ಪಂಚೆ, ರೈಲಿನಲ್ಲಿ ದರ್ಭೆಯ ಚೀಲ. ಮೇಘಾಳಿಗಿಂತ ನಾಲ್ಕು ವರ್ಷ ದೊಡ್ಡವನಿರಬಹುದು. ಕನ್ನಡದ ನಾಲ್ಕಾರು ಮನೆಯವರು ಬಂದಿದ್ದರು. ಬೆರ್ಟಿಲ್ ಕೋಟು ಹಾಕಿಕೊಂಡು ಬಂದು ಹಿಂದೆ ಕುಳಿತರು. ಎಲ್ಲ ಕ್ರಮವಾಗಿ ನಡೆಯಿತು. ಹಾರ ಹಾಕಿ ಆಯಿತು. ಹುಡುಗ ಗಂಧದಲ್ಲಿ ಬೆರಳದ್ದಿಕೊಂಡು ಫೋಟೋದ ಹತ್ತಿರ ಕೈ ಒಯ್ದ, ಅಲ್ಲೇ ನಿಲ್ಲಿಸಿದ. ಕೈ ಮೇಲೆ ಹೋಯಿತು, ಕೆಳಗೆ ಬಂತು. ಅವನು ಕಲಿತ ಮಂತ್ರದಲ್ಲಿ ಇದಕ್ಕೆ ಉತ್ತರವಿರಲಿಲ್ಲ ಎಂದು ಕಾಣುತ್ತದೆ. ನನ್ನ ಕಡೆ ಬಗ್ಗಿ ಮೆಲ್ಲಗೆ ಕೇಳಿದ:

“ಆಂಟಿ, ಹಣೆನೇ ಇಲ್ವಲ್ಲ. ಗಂಧ ಎಲ್ಲಿ ಇಡೋದು?”

ಅದು ನನಗೂ ಹೊಳೆದಿರಲಿಲ್ಲ. ಎಲ್ಲರೂ ಫೋಟೋ ನೋಡುತ್ತಿದ್ದರು. ಫೋಟೋದಲ್ಲಿ ಅವರು ನನ್ನನ್ನೇ ನೋಡುತ್ತಿದ್ದರು.

ನಾನು ಎದ್ದು ಹೋಗಿ ಬಟ್ಟಲಿನಿಂದ ಗಂಧ ತೆಗೆದುಕೊಂಡೆ. ಹುಬ್ಬಿನಿಂದ ಎರಡು ಬೆರಳು ಮೇಲೆ ಅಳೆದೆ. ಅಲ್ಲಿ ಗಾಜು ಮುಗಿದು ಕಟ್ಟಿನ ಮರ ಬರುತ್ತದೆ. ಆ ಮರದ ಮೇಲೆ ಇಟ್ಟೆ.

“ಇಲ್ಲೇ ಇದೆಯಪ್ಪ” ಎಂದೆ. “ಏಳ್ತಾ ಇದ್ರು, ಅಷ್ಟೆ.”