ಚಿಕ್ಕಪ್ಪ, ಮನೆದೇವರು ಮತ್ತು ನಮ್ಮ ಜಾಲತಾಣದ ಬೀಗ

ನಮ್ಮ ಚಿಕ್ಕಪ್ಪನಿಗೆ ಒಂದು ಗುಟ್ಟು ಹೇಳಿದರೆ ದೇವನಹಳ್ಳಿ ಪಕ್ಕದ ನಮ್ಮೂರು ವಿಜಯಪುರದಲ್ಲಿ ಮೈಕು ಕಟ್ಟಿಸುವ ತೊಂದರೆಯೇ ಇಲ್ಲ! ನನ್ನ ತಮ್ಮನಿಗೆ ಹೆಣ್ಣು ಗೊತ್ತಾದಾಗ, "ತಾರೀಖು ಗೊತ್ತಾಗೋವರ್ಗೂ ಬಾಯಿ ಬಿಡ್ಬೇಡಪ್ಪ" ಎಂದು ಅಮ್ಮ ಕೈಮುಗಿದು ಬೇಡಿಕೊಂಡಿದ್ದಳು. ಮಾರನೆಯ ದಿನ ಅವಳು ಬಸ್ಸು ಹತ್ತಿದರೆ ಕಂಡಕ್ಟರು ಟಿಕೆಟ್ ಹರಿಯುತ್ತಾ, "ಊಟ ಯಾವತ್ತಮ್ಮಾ?" ಎನ್ನಬೇಕೇ! ಚಿಕ್ಕಪ್ಪನನ್ನು ಕೇಳಿದರೆ, "ಯಾರ್ಗೂ ಹೇಳ್ಬೇಡಿ ಅಂತ ಎಲ್ರಿಗೂ ಹೇಳಿದೀನಿ ಅತ್ಗೆ" ಎಂದರು.

ಅವರ ಇನ್ನೊಂದು ಚಟ ಲಗ್ನಪತ್ರಿಕೆ ಕೂಡಿಡುವುದು. ಮದುವೆಯಾದವರ ಮಕ್ಕಳ ಮದುವೆಯೇ ಬಂದರೂ ಹಳೆಯ ಪತ್ರಿಕೆ ಟ್ರಂಕು ಬಿಟ್ಟು ಕದಲದು. ಯಾಕೆಂದರೆ, "ಬೇಕಾಗತ್ತೆ" ಎನ್ನುತ್ತಾರೆ. ಬೇಕಾಯಿತು ನೋಡಿ!

ನಾನು ಮತ್ತು ಗೆಳೆಯ ಮಂಜು ಬಿಡುವಿನಲ್ಲಿ ಸುತ್ತಮುತ್ತಲ ರಕ್ತದಾನಿಗಳ ಜಾಲತಾಣವೊಂದನ್ನು ನಡೆಸುತ್ತೇವೆ. ಸಂಬಳವಿಲ್ಲ, ದೇವನಹಳ್ಳಿಯ ನನ್ನ ಬಾಡಿಗೆ ಮನೆಯ ಊಟದ ಮೇಜೇ ಕಚೇರಿ. ಸದ್ಯಕ್ಕೆ ರಕ್ತ ಕೊಡಲಾಗದವರು ಕಾರಣ ಬರೆದಿಡಲು ಅಲ್ಲೊಂದು ಖಾಸಗಿ ಪುಟವಿದೆ. ಬರೆದವರು ಬಿಟ್ಟರೆ ಮತ್ತೊಬ್ಬರು ಅದನ್ನು ನೋಡುವಂತಿಲ್ಲ. ಕಾಯಿಲೆ, ಬಸಿರು, ಔಷಧಿ ಎಂದು ಜನ ನಂಬಿ ಬರೆದಿದ್ದರು. ನಾನೂ ಬರೆದಿದ್ದೆ.

ಪಾಸ್‌ವರ್ಡ್ ಮರೆಯುವ ಹಿರಿಯರಿಗೆಂದು ಒಂದು ಪ್ರಶ್ನೆ ಇಟ್ಟಿದ್ದೆವು: ನಿಮ್ಮ ಮನೆದೇವರು ಯಾವುದು? ಫೋನ್ ನಂಬರಿನ ಜೊತೆ ಉತ್ತರ ಹಾಕಿದರೆ ಸಾಕು, ಅವರ ಪುಟ ತೆರೆಯುತ್ತಿತ್ತು. ಯಾರೂ ಮರೆಯಲಾರದ ಉತ್ತರವೆಂದು ನಮ್ಮ ಬೆನ್ನು ನಾವೇ ತಟ್ಟಿಕೊಂಡಿದ್ದೆವು.

ಒಂದು ಭಾನುವಾರ ಬೆಳಗ್ಗೆ ಚಿಕ್ಕಪ್ಪ ಲಗ್ನಪತ್ರಿಕೆಗಳ ಕಟ್ಟು ಹಿಡಿದು ಬಂದರು. ಮಂಜುವನ್ನೂ ಕರೆಸಿ, ಬಾಗಿಲು ಹಾಕಿಸಿ, ಪತ್ರಿಕೆಗಳನ್ನು ಇಸ್ಪೀಟಿನೆಲೆಗಳಂತೆ ಹರಡಿದರು. ಪ್ರತಿಯೊಂದರ ನೆತ್ತಿಯ ಮೇಲೂ ಆ ಮನೆಯ ದೇವರು ಪ್ರಸನ್ನ!

"ನಿಮ್ಮ ಸೈಟಿಂದು ನನ್ನ ಪಾಸ್‌ವರ್ಡ್ ಮರ್ತೋಗಿತ್ತು ಕಣಮ್ಮ. ದೇವ್ರ ಹೆಸ್ರು ಹಾಕ್ದೆ, ಒಳಕ್ಕೆ ಬಿಡ್ತು. ಆಮೇಲೆ ಅನುಮಾನ ಬಂತು, ನಿನ್ನ ಮನೆದೇವ್ರೂ ನಂದೂ ಒಂದೇ ಅಲ್ವಾ? ನಿನ್ನ ಫೋನ್ ನಂಬರ್ ಹಾಕ್ದೆ, ಅದ್ಕೂ ಬಿಡ್ತು! ಗಾಬ್ರಿಯಾಗಿ ಮುಚ್ಬಿಟ್ಟೆ. ಊರೋರ ಬೀಗದ ಕೈನೆಲ್ಲಾ ಲಗ್ನಪತ್ರಿಕೆ ಜೊತೆ ಮನೆಮನೆಗೂ ಹಂಚಿದೀರಲ್ಲ!"

ನಾನು ಎದ್ದು ಕಿಟಕಿಯನ್ನೂ ಮುಚ್ಚಿದೆ. "ಬೇರೆ ಯಾರ್ಗಾದ್ರೂ ಹೇಳಿದ್ರಾ?"

"ನಿಮ್ಮ ಚಿಕ್ಕಮ್ಮಂಗೂ ಹೇಳಿಲ್ಲ. ದಾರಿಯುದ್ದಕ್ಕೂ ಬಾಯ್ತುಂಬಾ ಕಡ್ಲೆಕಾಯಿ ತುಂಬ್ಕೊಂಡು ಬಂದೆ."

ಮಂಜು ಫೋನು ತೆಗೆದ. "ಹುಷಾರು ಅಂತ ಈಗ್ಲೇ ಗ್ರೂಪಲ್ಲಿ ಹಾಕ್ಬಿಡ್ತೀನಿ."

"ಲೇ, ಚಿಲಕ ಮುರಿದಿರೋದು ತಮಟೆ ಹೊಡ್ಸಿ ಹೇಳ್ತೀಯೇನೋ! ಮೊದ್ಲು ಬಾಗ್ಲು ಭದ್ರ ಮಾಡು, ಆಮೇಲೆ ಎಲ್ರಿಗೂ ಹೇಳು" ಎಂದು ಚಿಕ್ಕಪ್ಪ ಗದರಿದರು.

ಜಾಲತಾಣ ಮುಚ್ಚಿ ಮಂಜು ರಿಪೇರಿಗೆ ಕುಳಿತ. ಅಷ್ಟು ಹೊತ್ತು ರಕ್ತ ಬೇಕೆಂದು ಬಂದ ಕರೆಗಳು ಚಿಕ್ಕಪ್ಪನ ಪಾಲಿಗೆ. ಒಂದು ಕರೆಗೆ ದಾನಿಯನ್ನು ಹೊಂದಿಸಿದರು, ಇನ್ನೊಂದಕ್ಕೆ ದಾನಿಯ ಜೊತೆಗೆ ವರನನ್ನೂ ಹೊಂದಿಸಿದರು!

ಮಧ್ಯಾಹ್ನದ ಹೊತ್ತಿಗೆ ಪ್ರಶ್ನೆ ಹೋಗಿ, ಫೋನಿಗೆ ಬರುವ ಓಟಿಪಿ ಬಂದು ಕೂತಿತು. ಚಿಕ್ಕಪ್ಪ ಮೂರು ಸಲ ದೇವರ ಹೆಸರು ಹಾಕಿ ನೋಡಿದರು, ದೇವರು ಒಲಿಯಲಿಲ್ಲ. ಹಿಂದೆ ಆ ಪ್ರಶ್ನೆಗೆ ಉತ್ತರ ಕೊಟ್ಟು ಒಳಗೆ ಬಂದಿದ್ದ ಹಿರಿಯರಿಗೆಲ್ಲ ಒಬ್ಬೊಬ್ಬರಾಗಿ ಫೋನು ಮಾಡಿದೆವು. ಎಲ್ಲರೂ "ನಾನೇ ಕಣಪ್ಪ" ಎಂದರು. ಕಳ್ಳರ್ಯಾರೂ ನುಗ್ಗಿರಲಿಲ್ಲ. ಉಸ್ಸಪ್ಪಾ!

ಇನ್ನುಳಿದದ್ದು ಸದಸ್ಯರಿಗೆ ತಿಳಿಸುವ ಕೆಲಸ. "ತಪ್ಪು ನಮ್ದು ಅಂತ ಯಾಕಂಕಲ್ ಬರೀಬೇಕು? ಪುಕ್ಕಟೆ ಮಾಡ್ತಿರೋ ಸೇವೆ ಅಲ್ವಾ?" ಎಂದು ಮಂಜು ಗೊಣಗಿದ.

"ಪುಕ್ಕಟೆ ಬಡಿಸ್ತೀನಿ ಅಂತ ಹಳಸಿದ ಸಾರು ಬಡಿಸ್ಬೋದೇನೋ?"

ಏನಾಗಿತ್ತು, ಏನು ಸರಿ ಮಾಡಿದೆವು, ತಪ್ಪು ಯಾರದು ಎಲ್ಲವನ್ನೂ ಬರೆದು ಕಳಿಸಿದೆವು. ಬೈಯುತ್ತಾರೆಂದು ಕಾದರೆ, ಬಂದ ಉತ್ತರಗಳಲ್ಲಿ ಹೆಚ್ಚಿನವು ಥ್ಯಾಂಕ್ಸ್!

ಸಂಜೆ ಚಿಕ್ಕಪ್ಪನನ್ನು ಬಸ್‌ಸ್ಟ್ಯಾಂಡಿಗೆ ಬಿಡಲು ಹೋದೆ. ದಾರಿಯುದ್ದಕ್ಕೂ ಹರಟಿದವರು ಬಸ್ಸು ಕಂಡಾಗ ನನ್ನತ್ತ ತಿರುಗಿ ದನಿ ತಗ್ಗಿಸಿದರು.

"ಮಗಾ, ನಿನ್ನ ಪುಟ ಮುಚ್ಚೋಷ್ಟ್ರಲ್ಲಿ ಒಂದು ಸಾಲು ಕಣ್ಣಿಗೆ ಬಿತ್ತು. ಫಿಟ್ಸ್‌ಗೆ ಮಾತ್ರೆ ತಗೊಳ್ತಿದೀನಿ ಅಂತ."

ಎರಡು ವರ್ಷದಿಂದ ಮನೆಯವರಿಗೆ ಮುಚ್ಚಿಟ್ಟಿದ್ದ ವಿಷಯ ಅದು. ತಿಳಿದರೆ ಅಮ್ಮ ಅಳುತ್ತಾಳೆ, ಕೆಲಸ ಬಿಡಿಸಿ ಊರಿಗೆ ಕರೆಸುತ್ತಾಳೆ ಎಂಬ ಭಯ ನನಗೆ.

"ನಿಮ್ಮಮ್ಮಂಗೆ ನಾನು ಹೇಳಲ್ಲ. ನಿಂಗೆ ಯಾವಾಗ ಅನ್ಸತ್ತೋ ಆವಾಗ ನೀನೇ ಹೇಳು. ಆದ್ರೆ ಡಾಕ್ಟ್ರ ಹತ್ರ ಇನ್ಮೇಲೆ ಒಬ್ಳೇ ಹೋಗ್ಬೇಡ. ಯಾವತ್ತು ಹೋಗ್ಬೇಕು ಹೇಳು, ಮೊದಲ್ನೇ ಬಸ್ಸಿಗೇ ಬರ್ತೀನಿ."

"ಗುರುವಾರ" ಎಂದೆ. ಅಷ್ಟು ಹೇಳುವಷ್ಟರಲ್ಲಿ ಅಳು ಬಂತು. ಬಸ್‌ಸ್ಟ್ಯಾಂಡಿನಲ್ಲಿ ನಾಲ್ಕು ಜನ ನೋಡುತ್ತಿದ್ದರೂ ಅತ್ತೆ, ಮನಸ್ಸು ಹಗುರಾಗುವವರೆಗೂ ಅತ್ತೆ. ಚಿಕ್ಕಪ್ಪ ಆ ಬಸ್ಸನ್ನು ಬಿಟ್ಟು ಪಕ್ಕದಲ್ಲೇ ನಿಂತಿದ್ದರು.