ಹಳದಿ ಮಾತ್ರೆ

ಬೆಳಿಗ್ಗೆ ಹಲ್ಲುಜ್ಜಲು ಹೋದ ಮಾತ್ರೆ ಭಾವನಿಗೆ ಪೇಸ್ಟಿನ ಮುಚ್ಚಳ ತಿರುಗಿಸಲಾಗಲಿಲ್ಲ. ಬೆರಳುಗಳೆಲ್ಲ ಎಳೆ ಬದನೆಕಾಯಿಯ ಹಾಗೆ ಊದಿ ಕೂತಿದ್ದವು.

ಅವನು ಔಷಧ ಕಂಪನಿಯ ಪ್ರತಿನಿಧಿ. ರೋಗನಿರೋಧಕ ಶಕ್ತಿ ಹೆಚ್ಚಿಸುತ್ತದೆ ಎನ್ನುವ ಹಳದಿ ಮಾತ್ರೆಯೊಂದನ್ನು ಊರಿನ ಡಾಕ್ಟರುಗಳ ಕೈಯಲ್ಲಿ ಬರೆಸುವುದೇ ಉದ್ಯೋಗ. ಬೀದಿಯವರಿಗೆಲ್ಲ ಪುಕ್ಕಟೆ ಸ್ಯಾಂಪಲ್ ಹಂಚಿ ಹಂಚಿ ಮಾತ್ರೆ ಭಾವ ಎಂಬ ಹೆಸರು ಅಂಟಿಕೊಂಡಿತ್ತು. ಮಾತ್ರೆಯೊಳಗೆ ಸಕ್ಕರೆ, ಬಣ್ಣ ಬಿಟ್ಟರೆ ಹೆಚ್ಚೇನಿಲ್ಲ ಎಂಬುದು ಅವನಿಗೆ ಗೊತ್ತಿತ್ತು.

ಹೆಂಡತಿ ಬೆರಳು ನೋಡಿ ಸೀದಾ ಕಪಾಟಿಗೆ ಹೋದಳು. "ನಿಮ್ಮದೇ ಮಾತ್ರೆ ಇದೆಯಲ್ಲ, ಎರಡು ನುಂಗಿ."

"ಅದು ಬೇಡ."

"ಯಾಕೆ? ನಮ್ಮಮ್ಮನಿಗೆ ದಿನಾ ಕೊಡ್ತೀರಿ."

ಅವನು ಅಂಗಿಯ ಗುಂಡಿಯೊಡನೆ ಗುದ್ದಾಡಿದ. ಕೊನೆಗೆ ಅವಳೇ ಹಾಕಿದಳು.

ಮೊದಲ ಡಾಕ್ಟರು ಅವನನ್ನು ಕಂಡೊಡನೆ ಎದ್ದು ನಿಂತರು. ಕಂಪನಿ ತನ್ನ ಖರ್ಚಿನಲ್ಲಿ ಅವರಿಗೆ ಸಂಸಾರ ಸಮೇತ ಸಮುದ್ರ ತೋರಿಸಿಕೊಂಡು ಬಂದಿತ್ತು. "ಬರೀತಾನೇ ಇದ್ದೀನಿ ಕಣ್ರಿ. ನೆಗಡಿಗೂ ಅದೇ, ಉಳುಕಿಗೂ ಅದೇ."

"ಸರ್, ನಾನು ರೋಗಿಯಾಗಿ ಬಂದಿದ್ದೀನಿ."

ಡಾಕ್ಟರು ಕೈ ಮುಟ್ಟಿಯೂ ನೋಡಲಿಲ್ಲ. "ಇಮ್ಯುನಿಟಿ ಕಡಿಮೆಯಾಗಿದೆ," ಎಂದು ಹಳದಿ ಮಾತ್ರೆ ಬರೆದರು. ಎರಡನೆಯ ಡಾಕ್ಟರು, ತಮ್ಮ ನಿಯತ್ತು ಪರೀಕ್ಷಿಸಲು ಕಂಪನಿಯೇ ಇವನನ್ನು ಕಳಿಸಿದೆ ಎಂದುಕೊಂಡು, ಅದನ್ನೇ ದುಪ್ಪಟ್ಟು ಬರೆದರು.

ಹೊರಗಿನ ಬೆಂಚಿನಲ್ಲಿ ಪಕ್ಕದ ಮನೆಯ ಮೇಷ್ಟ್ರು ಕೂತಿದ್ದರು. ಮೈ ಹ್ಯಾಂಗರಿಗೆ ತೂಗುಹಾಕಿದ ಅಂಗಿಯಂತಾಗಿತ್ತು.

"ನಿಮ್ಮ ಮಾತ್ರೆಯಿಂದಲೇ ಓಡಾಡ್ತಾ ಇದ್ದೀನಪ್ಪ. ಈ ಕೆಮ್ಮೊಂದು ಹೋಗ್ಲಿಲ್ಲ."

ಅವರ ಕರವಸ್ತ್ರದಲ್ಲಿ ಕೆಂಪು ಕಂಡಿತು. "ಮೇಷ್ಟ್ರೇ, ಎಕ್ಸ್‌ರೇ ತೆಗೆಸಿದ್ರಾ?"

"ಬೇಡ, ಇದೊಂದಿದ್ರೆ ಸಾಕು ಅಂತ ನೀವೇ ಹೇಳಿದ್ರಲ್ಲ."

ಮಾತ್ರೆ ಭಾವನ ಬಾಯಿ ತೆರೆಯಿತು. ಆದರೆ ಒಳಗಿನಿಂದ ಡಾಕ್ಟರು ಇವನತ್ತಲೇ ನಗುತ್ತ ಕೈಬೀಸುತ್ತಿದ್ದರು. "ಇವತ್ತೇ ತೆಗೆಸಿಬಿಡಿ," ಎಂದು ಗೊಣಗಿ ಅಲ್ಲಿಂದ ಜಾರಿಕೊಂಡ. ಮೇಷ್ಟ್ರಿಗೆ ಕೇಳಿಸಿತೋ ಇಲ್ಲವೋ.

ಉಳಿದವರು ಒಬ್ಬರೇ. ಕಂಪನಿಯವರನ್ನು ಹೊಸಿಲು ದಾಟಲು ಬಿಡದ ಡಾಕ್ಟರಮ್ಮ. ಅವರು ಒಂದೊಂದೇ ಗೆಣ್ಣು ಒತ್ತಿ ನೋಡಿದರು, ರಕ್ತ ಪರೀಕ್ಷೆ ಮಾಡಿಸಿದರು, ಸಂಜೆ ಕರೆದು ಕೂರಿಸಿದರು.

"ನಿಮ್ಮ ರೋಗನಿರೋಧಕ ಶಕ್ತಿ ಕಡಿಮೆಯಾಗಿಲ್ಲ, ಆ ಶಕ್ತಿಗೇ ತಲೆ ಕೆಟ್ಟಿದೆ. ಕಾವಲಿಗೆ ಇಟ್ಟವನೇ ಮನೆಯವರನ್ನ ಬಡಿಯೋ ಹಾಗೆ, ನಿಮ್ಮ ಕೀಲುಗಳನ್ನೇ ತಿಂತಾ ಇದೆ. ಅದನ್ನ ತಗ್ಗಿಸೋ ಹಳೇ ಔಷಧಿ ಒಂದಿದೆ, ನಿಮಗೆ ಒಗ್ಗೋದು ಅದೇ. ತಡಮಾಡಬೇಡಿ. ಬೆರಳು ಸೊಟ್ಟಗಾದರೆ ಮತ್ತೆ ನೆಟ್ಟಗಾಗಲ್ಲ."

ಒಬ್ಬರಾದರೂ ತನ್ನ ಕಾಯಿಲೆ ಏನೆಂದು ನೋಡಿ ಹೇಳಿದರಲ್ಲ ಎಂದು ಅವನ ಕಣ್ಣು ತುಂಬಿತು. ಅಂಗಡಿಯಿಂದ ಅಂಗಡಿಗೆ ಅಲೆದ. ಎಲ್ಲೂ ಇಲ್ಲ. ಕೊನೆಯ ಅಂಗಡಿಯವನು ಚೀಟಿ ನೋಡಿ ಇವನ ಮುಖ ನೋಡಿದ.

"ಇದು ನಿಮ್ಮ ಕಂಪನಿಯದೇ ಅಲ್ವಾ? ಲಾಭ ಗಿಟ್ಟಲ್ಲ ಅಂತ ಮಾಡೋದೇ ನಿಲ್ಲಿಸಿದ್ರು. ಬೇರೆ ಯಾರೂ ಮಾಡಲ್ಲ."

"ಹಳೇದು ಒಂದಾದರೂ ಉಳಿದಿಲ್ವಾ?"

"ಊರಲ್ಲಿದ್ದಿದ್ದನ್ನೆಲ್ಲ ಮೂಟೆ ಕಟ್ಟಿ ವಾಪಸ್ ಒಯ್ದವರು ನೀವೇ. ಆ ಜಾಗದಲ್ಲಿ ಹಳದಿ ಮಾತ್ರೆ ಜೋಡಿಸಿದ್ದೂ ನೀವೇ, ಸ್ಟೂಲು ಹತ್ತಿ."

ಒಯ್ಯುವಾಗ ಡಬ್ಬಿಗಳ ಮೇಲಿನ ಹೆಸರನ್ನು ಅವನು ಓದಿರಲಿಲ್ಲ. ತಲೆಯೆತ್ತಿ ನೋಡಿದ. ಮೇಲಿನ ಹಲಗೆಯಲ್ಲಿ ಹಳದಿ ಡಬ್ಬಿಗಳು ಕೂದಲೆಳೆಯಷ್ಟೂ ಹೆಚ್ಚುಕಮ್ಮಿಯಿಲ್ಲದೆ ಸಾಲಾಗಿ ನಿಂತಿದ್ದವು.

ಅಂಗಡಿಯವನು ಅವನ ಕೈ ನೋಡಿ ಮರುಗಿದ. "ನಾಳೆ ಹಳದಿ ಮಾತ್ರೆಯ ಹೊಸ ಸರಕು ಬರುತ್ತೆ. ಈ ಕೈಯಲ್ಲಿ ನಿಮಗಾಗಲ್ಲ. ಜೋಡಿಸೋಕೆ ಬೇರೆ ಯಾರನ್ನಾದರೂ ಕಳಿಸಿ."