ಏಳು ಆ್ಯಪು, ಒಂದೂವರೆ ಗಂಟೆ ರಾಹುಕಾಲ

ಕೆಲಸ ಬೇಗ ಮುಗಿಸುವುದಕ್ಕೆ ಅಂತಲೇ ನನ್ನ ಫೋನಿನಲ್ಲಿ ಏಳು ಆ್ಯಪ್‌ಗಳಿವೆ. ಒಂದು ಕೆಲಸದ ಪಟ್ಟಿ ಇಡುತ್ತದೆ. ಇನ್ನೊಂದು, ಪಟ್ಟಿ ನೋಡಿದೆಯಾ ಅಂತ ಕೇಳುತ್ತದೆ. ಮೂರನೆಯದು, ಪಟ್ಟಿ ನೋಡುತ್ತಾ ಎಷ್ಟು ಹೊತ್ತು ಹಾಳು ಮಾಡಿದೆ ಅಂತ ಪ್ರತಿ ಶನಿವಾರ ಬಣ್ಣ ಬಣ್ಣದ ಚಿತ್ರ ಬಿಡಿಸಿ ತೋರಿಸುತ್ತದೆ. ಉಳಿದವುಗಳ ಕಥೆ ಮುಂದೆ ಹೇಳುತ್ತೇನೆ. ಇಷ್ಟೆಲ್ಲ ಇದ್ದೂ ನನ್ನ ಕೆಲಸ ಮುಗಿಯಿತು ಅನ್ನುವ ದಿನ ಒಂದೂ ಬಂದಿಲ್ಲ. ನಮ್ಮವ್ವ ಏನಾದರೂ ಮರೆಯಬಾರದು ಅಂದರೆ ಸೆರಗಿನ ತುದಿಗೆ ಒಂದು ಗಂಟು ಹಾಕಿಕೊಳ್ಳುತ್ತಿದ್ದಳು. ಆ ಗಂಟಿಗೆ ಚಾರ್ಜೂ ಬೇಕಿರಲಿಲ್ಲ, ಪಾಸ್‌ವರ್ಡೂ ಬೇಕಿರಲಿಲ್ಲ. ನನಗೆ ಸೆರಗಿಲ್ಲ, ಬುದ್ಧಿಯೂ ಇಲ್ಲ ಅಂತ ಈಗ ಖಾತ್ರಿಯಾಗಿದೆ.

ನಾನಿರುವುದು ನೆಲಮಂಗಲದ ಹೆದ್ದಾರಿ ಪಕ್ಕದ ಒಂದು ಗೋಡೌನಿನಲ್ಲಿ. ಯಾವ ಲಾರಿಗೆ ಯಾವ ಮಾಲು, ಯಾವ ಹೊತ್ತಿಗೆ ಹೊರಡಬೇಕು ಅಂತ ನೋಡುವ ಕೆಲಸ. ನಾಲ್ಕು ವರ್ಷದಿಂದ ಕಾಂಟ್ರ್ಯಾಕ್ಟು. ಪ್ರತಿ ಮಾರ್ಚ್ ತಿಂಗಳಲ್ಲೂ ಇನ್ನೊಂದು ವರ್ಷ ಇರಲಿ ಅಂತಾರೋ, ನಾಳೆಯಿಂದ ಬರಬೇಡ ಅಂತಾರೋ ಅಂತ ಹೆದರಿಕೊಂಡೇ ಊಟ ಮಾಡುತ್ತೇನೆ. ನನಗಿರುವುದು ಒಂದೇ ಆಸೆ, ಖಾಯಂ ಆಗಬೇಕು. ನನ್ನ ಹೆಂಡತಿ ಸವಿತಾಳಿಗೂ ಅದೇ. ಅವಳ ಅಕ್ಕನ ಗಂಡ ಖಾಯಂ, ತಂಗಿಯ ಗಂಡ ಖಾಯಂ. ಅತ್ತೆ ಮನೆಯಲ್ಲಿ ಅವರಿಬ್ಬರಿಗೆ ಕಾಫಿ ಕೊಟ್ಟಮೇಲೆ "ನಿಮಗೂ ಒಂದು ಲೋಟ ಕೊಡ್ಲಾ?" ಅಂತ ನನ್ನನ್ನು ಕೇಳುತ್ತಾರೆ. ಆ ಪ್ರಶ್ನೆಯಲ್ಲೇ ನನ್ನ ಕಾಂಟ್ರ್ಯಾಕ್ಟು ಕಾಣಿಸುತ್ತದೆ.

ಹೋದ ವರ್ಷ ನಮ್ಮ ಮೇಲೆ ಪ್ರಶಾಂತ್ ಅಂತ ಹೊಸ ಮ್ಯಾನೇಜರ್ ಬಂದರು. ಕೂರುವುದು ಬೆಂಗಳೂರಿನ ಹೆಡ್ಡಾಫೀಸಿನಲ್ಲಿ. ವಯಸ್ಸು ನನಗಿಂತ ಎರಡು ವರ್ಷ ಕಮ್ಮಿ. ಎಲ್ಲರನ್ನೂ "ಗುರು" ಅಂತಲೇ ಕರೆಯುವುದು, ಕಲಿಯುವ ಸರದಿ ಮಾತ್ರ ನಮ್ಮದು. "ಮಂಜುನಾಥ್, ನೀವು ಕೆಲಸ ಮಾಡ್ತೀರ, ಒಪ್ತೀನಿ. ಆದ್ರೆ ನೀವು ಕೆಲಸ ಮಾಡೋದು ನಂಗೆ ಇಲ್ಲಿಂದ ಕಾಣಿಸ್ಬೇಕಲ್ಲ ಗುರು" ಅಂದರು. ಈ ವರ್ಷ ಒಬ್ಬರನ್ನು ಖಾಯಂ ಮಾಡುತ್ತಾರಂತೆ, ಅದು ಯಾರು ಅಂತ, ಲಾರಿ ಹೊತ್ತಿಗೆ ಹೊರಟಿದ್ದಕ್ಕೆ ಹೆಡ್ಡಾಫೀಸಿನ ಕಂಪ್ಯೂಟರು ಹಾಕುವ ಸ್ಕೋರು ನೋಡಿ ತೀರ್ಮಾನವಂತೆ. ಅವತ್ತೇ ಆ್ಯಪ್‌ಗಳು ಇಳಿಯತೊಡಗಿದವು. ಭಾನುವಾರ ಪೂರ್ತಿ ಕೂತು, ತುರ್ತು ಕೆಲಸಕ್ಕೆ ಕೆಂಪು ಹಚ್ಚಬೇಕೋ ಕೇಸರಿ ಹಚ್ಚಬೇಕೋ ಅಂತ ಯೋಚಿಸಿದೆ. ಸೋಮವಾರ ನೋಡಿದರೆ ಎಲ್ಲ ಕೆಲಸವೂ ತುರ್ತೇ. ಪಟ್ಟಿ ಒಣಹಾಕಿದ ಮೆಣಸಿನಕಾಯಿಯ ಹಾಗೆ ಕಂಡಿತು.

ನಾಲ್ಕನೆಯ ಆ್ಯಪು ಗಂಟೆ ಹೊಡೆಯುವುದು. ಇಪ್ಪತ್ತೈದು ನಿಮಿಷ ಮೈಮರೆತು ಕೆಲಸ, ಆಮೇಲೆ ಟಣ್ ಅಂದರೆ ಐದು ನಿಮಿಷ ವಿಶ್ರಾಂತಿ. ನಾನೇನೋ ನನಗೋಸ್ಕರ ಇಟ್ಟುಕೊಂಡಿದ್ದೆ. ಮೂರನೆಯ ದಿನಕ್ಕೆ ನಮ್ಮ ಹಮಾಲಿಗಳಿಗೆ ಅದರ ಅರ್ಥ ತಿಳಿದುಹೋಯಿತು. ಟಣ್ ಅಂದ ತಕ್ಷಣ ಹೆಗಲ ಮೇಲಿದ್ದ ಚೀಲವನ್ನು ಇದ್ದಲ್ಲೇ ಇಳಿಸಿ ಟೀಗೆ ಹೊರಟರು. "ಏನ್ರಪ್ಪಾ ಇದು?" ಅಂದರೆ, "ಬೆಲ್ ಆಯ್ತಲ್ಲ ಸಾರ್" ಅಂದರು. ಗಣಪತಿ ಮಾಡೋಕೆ ಹೋಗಿ ಅವರಪ್ಪನ್ನ ಮಾಡಿದ ಹಾಗಾಯಿತು. ಸೌಂಡು ಆಫ್ ಮಾಡಿದೆ. ಈಗ ಅದು ಜೇಬಿನಲ್ಲೇ ಗುರ್ ಅನ್ನುತ್ತದೆ, ನನ್ನ ಎದೆ ಧಸಕ್ ಅನ್ನುತ್ತದೆ. ವಿಶ್ರಾಂತಿ ಅಂದರೆ ಇದೇ ಅಂತೆ.

ನಿಜವಾದ ಆಪತ್ತು ಬಂದದ್ದು ಐದನೆಯದರಿಂದ, ಅಂದರೆ ಕ್ಯಾಲೆಂಡರಿನಿಂದ. ಲಾರಿ ಹೊರಡುವ ಹೊತ್ತನ್ನು ಅದೇ ತಾನಾಗಿ ಗೊತ್ತು ಮಾಡುತ್ತದೆ, ಹೆಡ್ಡಾಫೀಸಿಗೂ ಕಾಣಿಸುತ್ತದೆ. ಮೊದಲನೆಯ ಶುಕ್ರವಾರವೇ ಮೂರು ಲಾರಿಗೆ ಹತ್ತೂ ಮುಕ್ಕಾಲು ಅಂತ ಹಾಕಿತು. ತ್ಯಾಮಗೊಂಡ್ಲು ಕಡೆಯ ನರಸಿಂಹಣ್ಣ ನಮ್ಮ ಡ್ರೈವರುಗಳಲ್ಲೆಲ್ಲ ಹಿರಿಯ. ಸ್ಟೀರಿಂಗಿಗೆ ಕೈ ಮುಗಿದು ಕೆಳಗಿಳಿದುಬಿಟ್ಟ. "ಶುಕ್ರವಾರ ಹತ್ತೂವರೆಯಿಂದ ಹನ್ನೆರಡು ರಾಹುಕಾಲ ಸಾಮಿ. ಗಾಡಿ ತೆಗೆಯಲ್ಲ" ಅಂದ. ಅವನ ಹಿಂದೆ ಮಿಕ್ಕವರೂ ಇಳಿದರು. ಬಶೀರ್ ಕೂಡ ಟವಲು ಹಾಸಿಕೊಂಡು ಲಾರಿಯ ನೆರಳಲ್ಲಿ ಕಾಲು ಚಾಚಿದ. "ನಿಂಗ್ಯಾವ ರಾಹುಕಾಲನೋ ಬಶೀರಣ್ಣ?" ಅಂದೆ. "ನಂಗಿಲ್ಲ ಸಾರ್, ಲಾರಿಗೆ ಐತಲ್ಲ" ಅಂದ. ನಾನು ಬಿ.ಕಾಂ. ಓದಿದವನು, ಇವನ್ನೆಲ್ಲ ನಂಬುವವನಲ್ಲ. ಮೂಢನಂಬಿಕೆ ಅಂತ ಸಣ್ಣದೊಂದು ಭಾಷಣವನ್ನೇ ಮಾಡಿದೆ. ಬಶೀರ್ ಅಷ್ಟರಲ್ಲಿ ಗೊರಕೆ ಹೊಡೆಯುತ್ತಿದ್ದ.

ಲಾರಿ ತಡವಾದರೆ ಸ್ಕೋರು ಇಳಿಯುತ್ತದೆ, ಸ್ಕೋರು ಇಳಿದರೆ ನಾನು ಖಾಯಂ ಆಗುವುದಿಲ್ಲ. ಕೊನೆಗೆ ನಾನೇ ಒಂದು ಉಪಾಯ ಮಾಡಿದೆ. ಏಳೂ ದಿನದ ರಾಹುಕಾಲವನ್ನು ಗೋಡೆಯ ಕ್ಯಾಲೆಂಡರು ನೋಡಿ ಫೋನಿನ ಕ್ಯಾಲೆಂಡರಿನಲ್ಲಿ ಮೊದಲೇ ತುಂಬಿಸಿ, "ಆಂತರಿಕ ಪರಿಶೀಲನೆ" ಅಂತ ಹೆಸರಿಟ್ಟೆ. ಜೊತೆಗಿರಲಿ ಅಂತ ಪಂಚಾಂಗದ ಆ್ಯಪೊಂದನ್ನೂ ಇಳಿಸಿಕೊಂಡೆ, ಅದು ಆರನೆಯದು, ತೆರೆದು ನೋಡುವ ಪ್ರಸಂಗ ಮಾತ್ರ ಬರಲಿಲ್ಲ. ಆ ಒಂದೂವರೆ ಗಂಟೆ ಯಾರ ಫೋನೂ ಬರದ ಹಾಗೆ ತಡೆಯುವುದಕ್ಕೆ ಏಳನೆಯದು. ನಂಬಿದರೆ ನಂಬಿ, ಬಿಟ್ಟರೆ ಬಿಡಿ, ಎಲ್ಲ ಸರಿಹೋಯಿತು. ಕ್ಯಾಲೆಂಡರು ಲಾರಿಗಳಿಗೆ ಬೇರೆ ಹೊತ್ತು ಕೊಟ್ಟಿತು, ಡ್ರೈವರುಗಳು ತಕರಾರಿಲ್ಲದೆ ಹೊರಟರು. ನಾನು ಯಾರ ಕಾಟವೂ ಇಲ್ಲದೆ ಒಂದೂವರೆ ಗಂಟೆ ಕೂತು, ಬಾಕಿ ಬಿದ್ದಿದ್ದ ಕಾಗದಪತ್ರವನ್ನೆಲ್ಲ ಮುಗಿಸಿದೆ. ಪ್ರಶಾಂತ್ ಒಂದು ದಿನ ಫೋನ್ ಮಾಡಿ, "ದಿನಾ ಒಂದೂವರೆ ಗಂಟೆ ಪರಿಶೀಲನೆ, ಅದೂ ದಿನಕ್ಕೊಂದು ಟೈಮಿಗೆ! ಎಲ್ಲ ಶಿಫ್ಟನ್ನೂ ಕವರ್ ಮಾಡ್ತಿದ್ದೀರಲ್ಲ, ಸೂಪರ್ ಗುರು" ಅಂದರು. ನಾನು ಹ್ಞೂಂ ಅಂದೆ. ಇನ್ನೇನು ಅನ್ನಲಿ ಹೇಳಿ.

ಸ್ಕೋರು ಏರಿತು. ನನ್ನ ಹೆಸರು, ಹೊಸಕೋಟೆ ಗೋಡೌನಿನವನೊಬ್ಬನ ಹೆಸರು, ಎರಡೇ ಉಳಿದವು. ಒಂದು ಗುರುವಾರ ಪ್ರಶಾಂತ್ "ಆಯ್ತು ಗುರು, ನೀವೇ. ನಾಳೆ ಲೆಟರ್ ಬರುತ್ತೆ, ಫೋನಲ್ಲೇ ಸೈನ್ ಮಾಡ್ಬಿಡಿ" ಅಂದರು. ಮನೆಗೆ ಹೋಗಿ ಹೇಳಿದೆ. ಸವಿತಾ ಒಲೆ ಹಚ್ಚಿ ಪಾಯಸಕ್ಕೆ ಶಾವಿಗೆ ಹುರಿಯತೊಡಗಿದಳು. ಕಣ್ಣು ಒರೆಸಿಕೊಂಡಿದ್ದನ್ನು ನಾನು ನೋಡಿದೆ, ಹೊಗೆ ಅಂದಳು. ನಮ್ಮದು ಗ್ಯಾಸ್ ಒಲೆ.

ಶುಕ್ರವಾರ ಲೆಟರು ಬಂದಾಗ ಹತ್ತು ನಲವತ್ತು. ತೆರೆದೆ. ನನ್ನ ಹೆಸರು, ಅದರ ಕೆಳಗೆ ಖಾಯಂ ಅನ್ನುವ ಮಾತು, ಕೆಳಗೆ ಸಹಿಗೆ ಒಂದು ಹಸಿರು ಗುಂಡಿ. ಬೆರಳು ಅದರ ಹತ್ತಿರ ಹೋಯಿತು, ನಿಂತಿತು. ಎದುರಿಗೆ ಗೋಡೆ ಕ್ಯಾಲೆಂಡರಿನಲ್ಲಿ ರಾಹುಕಾಲ ಹತ್ತೂವರೆಗೇ ಶುರುವಾಗಿತ್ತು. ನಾಲ್ಕು ವರ್ಷ ಕಾದವನು ಇನ್ನೊಂದು ಗಂಟೆ ಕಾಯಲಾರೆನೇ? ಒಳ್ಳೆ ಕೆಲಸ, ಒಳ್ಳೆ ಗಳಿಗೆಯಲ್ಲೇ ಆಗಲಿ ಅನ್ನಿಸಿತು. ಹನ್ನೆರಡಕ್ಕೆ ಸರಿಯಾಗಿ ಗುಂಡಿ ಒತ್ತಲು ಹೋದವನು, ಯಾವುದಕ್ಕೂ ಇರಲಿ ಅಂತ ಪಂಚಾಂಗದ ಆ್ಯಪನ್ನೂ ತೆರೆದು ನೋಡಿದೆ. ಸೂರ್ಯೋದಯದ ಲೆಕ್ಕದಲ್ಲಿ ಅವತ್ತಿನ ರಾಹುಕಾಲ ಹತ್ತು ಐವತ್ತರಿಂದ ಹನ್ನೆರಡು ಇಪ್ಪತ್ತೊಂದು ಅಂತ ಅದು ಹೇಳಿತು. ಅಂದರೆ ಹತ್ತು ನಲವತ್ತಕ್ಕೆ ರಾಹುಕಾಲ ಇರಲೇ ಇಲ್ಲ! ಹಾಳಾಗಲಿ, ಶುರುವಿಗೆ ಗೋಡೆಯ ಮಾತು ಕೇಳಿದ್ದಾಯಿತು, ಮುಗಿಯುವುದಕ್ಕೆ ಆ್ಯಪಿನ ಮಾತು ಕೇಳೋಣ ಅಂತ ಇನ್ನೂ ಇಪ್ಪತ್ತೊಂದು ನಿಮಿಷ ಕೂತೆ. ಹನ್ನೆರಡು ಇಪ್ಪತ್ತೆರಡಕ್ಕೆ ಮನೆದೇವರನ್ನು ನೆನೆದು ಗುಂಡಿ ಒತ್ತಿದೆ. ಏನೂ ಆಗಲಿಲ್ಲ. ಲೆಟರಿನ ತಳದಲ್ಲಿ ಸಾಸಿವೆ ಕಾಳಿನಂಥ ಅಕ್ಷರದಲ್ಲಿ, ತೆರೆದ ಒಂದೂವರೆ ಗಂಟೆಯೊಳಗೆ ಸಹಿ ಹಾಕಬೇಕು ಅಂತ ಬರೆದಿತ್ತು. ಹನ್ನೆರಡು ಹತ್ತಕ್ಕೇ ಮುಗಿದುಹೋಗಿತ್ತು.

ಏಳನೆಯ ಆ್ಯಪಿನ ತಡೆ ತೆಗೆದೆ. ಪ್ರಶಾಂತ್ ಐದು ಸಲ ಫೋನ್ ಮಾಡಿದ್ದರು. ವಾಪಸ್ಸು ಮಾಡಿದೆ. "ಎಲ್ಲಿ ಹೋಗಿದ್ರಿ ಗುರು? ಸಿಸ್ಟಮ್ಮು ಒಬ್ರಿಗೆ ಒಂದೇ ಸಲ ಕೊಡೋದು. ಟೈಮ್ ಮುಗಿದ್ರೆ ಮುಂದಿನೋರಿಗೆ ಹೋಗ್ಬಿಡುತ್ತೆ. ಹೊಸಕೋಟೆಯೋರು ಹನ್ನೆರಡು ಹದಿನಾಲ್ಕಕ್ಕೆ ಸೈನ್ ಮಾಡಿದ್ರು" ಅಂದರು. ನನ್ನ ಪಂಚಾಂಗದ ಪ್ರಕಾರ ಅದು ನಟ್ಟನಡು ರಾಹುಕಾಲವಲ್ಲದಿದ್ದರೂ ಅದರ ಬಾಲವಂತೂ ಹೌದು. ಆ ಪುಣ್ಯಾತ್ಮನಿಗೆ ಈ ತನಕ ಏನೂ ಆಗಿಲ್ಲ, ಚೆನ್ನಾಗಿದ್ದಾನೆ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಸವಿತಾಳಿಗೆ ಏನು ಹೇಳಲಿ? ನೆಟ್‌ವರ್ಕ್ ಇರಲಿಲ್ಲ ಅನ್ನಲೇ? ಹೆದ್ದಾರಿ ಪಕ್ಕದಲ್ಲಿ ಟವರಿನ ಕೆಳಗೇ ಕೂತವನು ನಾನು.

ಲಾರಿ ತೆಗೆಯಲು ಬಂದ ನರಸಿಂಹಣ್ಣ ನನ್ನ ಮುಖ ನೋಡಿ, "ಯಾಕ್ ಸಾಮಿ, ಹಿಂಗ್ ಕುಂತಿದ್ದೀರ?" ಅಂದ. ತಡೆಯಲಾರದೆ ಎಲ್ಲ ಹೇಳಿಕೊಂಡೆ. ಅವನು ಬಾಯಿ ಬಿಟ್ಟುಕೊಂಡು ಕೇಳಿದ.

"ಅಯ್ಯೋ ಸಾಮಿ! ಬಂದ ಭಾಗ್ಯಕ್ಕೆ ಯಾರಾದ್ರೂ ರಾಹುಕಾಲ ನೋಡ್ತಾರಾ?"

"ನೀನೇ ಅಲ್ವಾ ನರಸಿಂಹಣ್ಣ, ಗಾಡಿ ತೆಗೆಯಲ್ಲ ಅಂತಿದ್ದೋನು?"

ಅವನು ಅತ್ತಿತ್ತ ನೋಡಿ ದನಿ ತಗ್ಗಿಸಿದ. "ನಾವು ರಾತ್ರಿಯೆಲ್ಲ ಗಾಡಿ ಓಡಿಸ್ಕಂಡು ಬಂದಿರ್ತೀವಿ. ಕಣ್ಣು ಎಳೀತೈತೆ, ಒಂದ್ ಗಂಟೆ ಮಲಗ್ತೀವಿ ಅಂದ್ರೆ ನಿಮ್ ಆಫೀಸ್ನೋರು ಬಿಟ್ಟಾರಾ? ರಾಹುಕಾಲ ಅಂದ್ರೆ ಯಾರೂ ಉಸಿರೆತ್ತಲ್ಲ. ಅದ್ಕೇ ಎಲ್ಲಾರೂ ಸೇರ್ಕಂಡು ಹಂಗ್ ಹೇಳ್ತಿದ್ವಿ. ನೀವು ಓದಿದೋರು, ನಿಮಗೆ ಗೊತ್ತಾಗಿರ್ತೈತೆ ಅನ್ಕಂಡಿದ್ವಲ್ಲ ಸಾಮಿ!"

ಅವನು ಲಾರಿ ತೆಗೆದುಕೊಂಡು ಹೋದ. ಬಶೀರನೂ ಟವಲು ಕೊಡವಿಕೊಂಡು ಹೊರಟ. ಇಡೀ ಗೋಡೌನಿನಲ್ಲಿ ರಾಹುಕಾಲವನ್ನು ಮನಸಾರೆ ನಂಬಿದವನು ನಾನೊಬ್ಬನೇ.